'ಹೇಳಬಹುದಿತ್ತಲ್ಲ' ಫ್ರೆಂಚಲ್ಲಿ ಹೇಗೆ?

ನಮಸ್ಕಾರ. ಇವತ್ತಿನ ವಿಷಯ ಫ್ರೆಂಚಿನ ಕೋಂದಿಸ್ಯೊನೆಲ್ ಪಾಸೆ. ಆಗಬಹುದಿತ್ತು, ಆಗಲಿಲ್ಲ ಅನ್ನುವ ಕಾಲರೂಪ. ಭಾಷಾ ಕಲಿಕೆಯ ಮಧ್ಯಮ ಹಂತ ಬಿ1 ದಾಟಿ ಅದರ ಮೇಲಿನ ಬಿ2 ಹತ್ತುವವರು ಮುಗ್ಗರಿಸುವುದು ಇಲ್ಲೇ. ನನ್ನ ತಕರಾರು ಒಂದೇ: ಕನ್ನಡ ಬಲ್ಲವರಿಗೆ ಇದನ್ನು ಇಂಗ್ಲಿಷಿನ 'ವುಡ್ ಹ್ಯಾವ್' ಹಿಡಿದು ಕಲಿಸುವುದು ಕೈ ಸುತ್ತಿ ಮೂಗು ಹಿಡಿದ ಹಾಗೆ.

ಒಂದು ವಾಕ್ಯ ತಗೊಳ್ಳಿ. "ನೀನು ಹೇಳಬಹುದಿತ್ತಲ್ಲ!" ಫ್ರೆಂಚಿನಲ್ಲಿ: "ತ್ಯು ಓರೆ ಪ್ಯು ಮ ಲ ದೀರ್." ಭೂತಕಾಲ ಎಲ್ಲಿ ಕೂತಿದೆ ನೋಡಿ. ಕನ್ನಡದಲ್ಲಿ 'ಹೇಳು' ಭೂತಕ್ಕೆ ಹೋಗಿಲ್ಲ. 'ಇತ್ತು' ಅಂಟಿಕೊಂಡಿದ್ದು 'ಬಹುದು'ಗೆ. ಫ್ರೆಂಚಿನಲ್ಲೂ ಹಾಗೇ. 'ದೀರ್' ಮೂಲರೂಪದಲ್ಲೇ ಇದೆ, ಹಿಂದಕ್ಕೆ ಹೋಗಿದ್ದು 'ಬಹುದು' ಅರ್ಥದ ಪುವ್ವಾರ್: 'ಓರೆ ಪ್ಯು'. ಇಂಗ್ಲಿಷಿನ 'ಕುಡ್ ಹ್ಯಾವ್ ಸೆಡ್' ಮಾತ್ರ ಭೂತಕಾಲವನ್ನು 'ಹೇಳು' ಕಡೆಗೆ ತಳ್ಳುತ್ತೆ. ಅದನ್ನು ಪದಕ್ಕೆ ಪದ ಇಳಿಸಿದವರ ಬಾಯಲ್ಲಿ "ತ್ಯು ಪುರ್ರೆ ಅವ್ವಾರ್ ದಿ" ಬರುತ್ತೆ. ಅದರಲ್ಲಿ 'ಯಾಕೆ ಹೇಳಲಿಲ್ಲ' ಅನ್ನುವ ಆ ಮುನಿಸೇ ಇರೋದಿಲ್ಲ. 'ಹೇಳಬೇಕಿತ್ತು' ಕೂಡ ಇದೇ ಅಚ್ಚು: "ಜೋರೆ ದ್ಯು ದೀರ್."

ರಚನೆಗೆ ಬರೋಣ. ಬಾಯಿಪಾಠ ಮಾಡಬೇಕಾದ್ದು ಎರಡೇ ಸಹಾಯಕ ಕ್ರಿಯಾಪದ, ಅವ್ವಾರ್ ('ಹೊಂದಿರು') ಮತ್ತು ಎತ್ರ್ ('ಇರು'). ಒಟ್ಟು 12 ರೂಪ. ಬುಡ ಭವಿಷ್ಯತ್ತಿನದು, ಬಾಲ ಇಂಪಾರ್ಫೆಯದು, ಅಂದರೆ 'ಮಾಡುತ್ತಿದ್ದೆ' ಥರದ ಭೂತಕಾಲದ್ದು. ಅವ್ವಾರ್ ಆದರೆ ಓರೆ, ಓರೆ, ಓರೆ, ಓರಿಯೋಂ, ಓರಿಯೆ, ಓರೆ; ಎತ್ರ್ ಆದರೆ ಇದೇ ಬಾಲದ 'ಸರೆ'. ಕೇಳೋಕೆ ಮೂರೇ ಸದ್ದು, ಬರೆಯುವಾಗ ಬಾಲ ಬೇರೆ. 'ನಾನು' ರೂಪದ ಕೊನೆಯ 'ಎಸ್' ಬಿಟ್ಟರೋ, ಕಾಲವೇ ಬದಲಾಯಿತು. 'ಎಸ್' ಇದ್ದರೆ "ಜೋರೆ ಫಿನಿ" ಅಂದರೆ 'ಮುಗಿಸಿರುತ್ತಿದ್ದೆ'. ಇಲ್ಲದಿದ್ದರೆ 'ಮುಗಿಸಿರುತ್ತೇನೆ'. ಉತ್ತರಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ ನುಂಗುವ ಅಕ್ಷರ ಇದೇ ಅಂತ ನನ್ನ ಅನಿಸಿಕೆ.

ಇದರ ಮುಂದೆ ಪಾರ್ತಿಸಿಪ್ (ಕ್ರಿಯಾಪದದ ಭೂತ ಕೃದಂತ, 'ಫಿನಿ', 'ದಿ' ಥರ) ಇಟ್ಟರೆ ಆಯ್ತು. ಪಾಸೆ ಕೊಂಪೊಸೆ, ಅಂದರೆ 'ಮಾಡಿದೆ' ಅನ್ನುವ ಮಾಮೂಲಿ ಭೂತಕಾಲ, ಗೊತ್ತಿದ್ದವರಿಗೆ ಇಲ್ಲಿ ಹೊಸದೇನಿಲ್ಲ. ಅಲ್ಲಿ ಎತ್ರ್ ಹಿಡಿಯುವ ಕ್ರಿಯಾಪದ ಇಲ್ಲೂ ಎತ್ರ್ ಹಿಡಿಯುತ್ತೆ. ಆದರೆ ಎತ್ರ್ ತಾನೇ ಅವ್ವಾರ್ ಹಿಡಿಯುತ್ತೆ: "ಜೋರೆ ಎತೆ", "ಜ ಸರೆ ಎತೆ" ಅಲ್ಲ. ಸೊರ್ತೀರ್ ('ಹೊರಗೆ ಹೋಗು') ಥರದವು ಎರಡು ದೋಣಿಯಲ್ಲಿ ಕಾಲಿಟ್ಟಿವೆ. 'ನಾನು ಹೊರಗೆ ಹೋಗುತ್ತಿದ್ದೆ' ಅನ್ನೋಕೆ "ಜ ಸರೆ ಸೊರ್ತಿ". ಕಸದ ಡಬ್ಬಿ ಹೊರಗಿಡುತ್ತಿದ್ದೆ ಅಂದರೆ ಕರ್ಮ ಬಂತಲ್ಲ, "ಜೋರೆ ಸೊರ್ತಿ ಲಾ ಪುಬೆಲ್". ಮೊಂತೆ ('ಹತ್ತು'), ದೆಸಾಂದ್ರ್ ('ಇಳಿ'), ಪಾಸೆ ('ಹಾದುಹೋಗು'), ರಾಂತ್ರೆ ('ವಾಪಸಾಗು') ಕೂಡ ಹೀಗೇ. ಎತ್ರ್ ಬಂದಾಗ ಹೆಣ್ಣಿಗೆ ಒಂದು 'ಇ', ಬಹುವಚನಕ್ಕೆ 'ಎಸ್' ಮರೀಬೇಡಿ. ಅವಳು ಮೈ ತೊಳೆದುಕೊಳ್ಳುತ್ತಿದ್ದಳು ಅಂದರೆ 'ತೊಳೆ' ಅರ್ಥದ 'ಲಾವೆ'ಗೆ 'ಇ' ಬೇಕು. ಕೈ ತೊಳೆದುಕೊಳ್ಳುತ್ತಿದ್ದಳು, "ಎಲ್ ಸ ಸರೆ ಲಾವೆ ಲೆ ಮ್ಯಾಂ" ಅಂದಾಗ ಬೇಡ, ಯಾಕೆಂದರೆ ಕರ್ಮವಾದ ಕೈ ಕ್ರಿಯಾಪದದ ಆಚೆ ಕೂತಿದೆ.

ಇನ್ನು 'ಸಿ' ವಾಕ್ಯ, ಅಂದರೆ 'ಹೀಗಾದರೆ' ಅನ್ನುವ ಷರತ್ತಿನ ವಾಕ್ಯ. 'ಹೇಳಿದರೆ', 'ಹೇಳಿದ್ದರೆ'. ಒಂದು ಒತ್ತಕ್ಷರದ ವ್ಯತ್ಯಾಸ ಅಷ್ಟೇ. ಆ ಒತ್ತಿನೊಳಗೆ ಅಡಗಿರುವ 'ಇದ್ದ'ವೇ ಫ್ರೆಂಚಿನ ಪ್ಲ್ಯು-ಕ-ಪಾರ್ಫೆ, 'ಹೇಳಿದ್ದೆ' ಥರದ ಭೂತಕಾಲ. 'ನೀನು ಹೇಳಿದ್ದರೆ ಬರುತ್ತಿದ್ದೆ': "ಸಿ ತ್ಯು ಮ ಲಾವೆ ದಿ, ಜ ಸರೆ ವನ್ಯು." ಫ್ರೆಂಚ್ ಮೇಷ್ಟ್ರುಗಳು ಮಕ್ಕಳಿಗೆ ಹೇಳುವ ಒಂದು ಮಾತಿದೆ: "ಲೆ ಸಿ ನೆಮ್ ಪಾ ಲೆ ರೆ", 'ಸಿ'ಗಳಿಗೆ 'ರೆ' (ಓರೆ, ಸರೆಗಳ ಬಾಲ) ಕಂಡರೆ ಆಗೋದಿಲ್ಲ. ತಮಾಷೆ ಏನಂದರೆ ನಮ್ಮ 'ರೆ' ಷರತ್ತಿನ ಭಾಗದಲ್ಲೇ ಇರುತ್ತೆ, ಅವರ 'ರೆ' ಅದರ ಎದುರು ಮನೆಯಲ್ಲಿ, ಫಲದ ಭಾಗದಲ್ಲಿ. ಈ ಒಂದು ಕಡೆ ಕನ್ನಡದ ಕಿವಿಯನ್ನು ನಂಬಬೇಡಿ.

ಇನ್ನೊಂದು ಕಡೆಯೂ ನಂಬಬಾರದು. ನಮ್ಮ 'ಬರುತ್ತಿದ್ದೆ' ಒಂಟಿಯಾಗಿ ನಿಂತರೆ ದಿನಾ ಬರುತ್ತಿದ್ದದ್ದೂ ಆಗುತ್ತೆ, ಬರೋದಿತ್ತು ಆದರೆ ಬರಲಿಲ್ಲ ಅನ್ನೋದೂ ಆಗುತ್ತೆ. ಫ್ರೆಂಚಿನಲ್ಲಿ ಮೊದಲನೆಯದು "ಜ ವನೆ", ಎರಡನೆಯದು "ಜ ಸರೆ ವನ್ಯು". ಬರೆಯುವ ಮುಂಚೆ ಕೇಳಿಕೊಳ್ಳಿ: ನಿಜವಾಗಿ ಬಂದಿದ್ದೆನಾ? ಹೌದು ಅಂದರೆ ಇಂಪಾರ್ಫೆ.

ಇನ್ನು ಬಹಳ ಪಾಠಗಳು ಅರ್ಧ ಸಾಲಲ್ಲಿ ಮುಗಿಸಿಬಿಡುವ ಬಳಕೆ. ಫ್ರೆಂಚ್ ಪತ್ರಿಕೆಯಲ್ಲಿ "ಲ ಮಿನಿಸ್ತ್ರ್ ಓರೆ ದೆಮಿಸ್ಯೊನೆ" ಅಂತ ಬರುತ್ತೆ. 'ವುಡ್ ಹ್ಯಾವ್' ಹಿಡಿದವರು 'ಮಂತ್ರಿ ರಾಜೀನಾಮೆ ಕೊಡುತ್ತಿದ್ದರು, ಕೊಡಲಿಲ್ಲ' ಅಂತ ಓದುತ್ತಾರೆ. ಅರ್ಥ ತಲೆಕೆಳಗು! ಪತ್ರಕರ್ತ ಹೇಳುತ್ತಿರೋದು 'ರಾಜೀನಾಮೆ ಕೊಟ್ಟಿದ್ದಾರಂತೆ'. ಸುದ್ದಿ ಬಂದಿದೆ, ಖಚಿತವಾಗಿಲ್ಲ, ಹೊಣೆ ನನ್ನದಲ್ಲ. ಇಂಗ್ಲಿಷಿಗೆ ಇದನ್ನು ಹೇಳೋಕೆ 'ರಿಪೋರ್ಟೆಡ್ಲಿ' ಅಂತ ಬೇರೆ ಪದವೇ ಬೇಕು. ನಮಗೆ ಕ್ರಿಯಾಪದದ ತುದಿಗೆ ಒಂದು 'ಅಂತೆ' ಸಾಕು. ಗುರುತು ಹಿಡಿಯೋದು ಹೀಗೆ: ಸುತ್ತಮುತ್ತ 'ಸಿ' ಇಲ್ಲ, ವಿಷಾದದ ಧಾಟಿಯಿಲ್ಲ, ಹತ್ತಿರದಲ್ಲಿ 'ಸಲೋಂ' ಅಥವಾ 'ದಾಪ್ರೆ' (ಎರಡೂ 'ಇಂಥವರ ಪ್ರಕಾರ') ಅಂತ ಸುದ್ದಿಮೂಲದ ಹೆಸರಿದೆ. ಆಗ 'ಅಂತೆ' ಹಚ್ಚಿ ಓದಿ ನೋಡಿ.