ಬಣ್ಣ ನೋಡಬೇಡಿ, ಅಳತೆ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ನಿಮ್ಮಲ್ಲಿ ಕೆಲವರಿಗೆ ಕಾರು ಬರೀ ಓಡಿದರೆ ಸಾಲದು, ಹಾರಬೇಕು. ಅದಕ್ಕಾಗಿ ಯಾರೋ ಬಿಚ್ಚಿ, ಹೊಸ ಪಿಸ್ಟನ್ ಹಾಕಿಸಿ ಮತ್ತೆ ಕಟ್ಟಿಸಿದ ಪರ್ಫಾರ್ಮೆನ್ಸ್ ಎಂಜಿನ್ನನ್ನು ಕೊಳ್ಳಲು ಹೊರಟಿದ್ದೀರಿ. ಒಳ್ಳೆಯದು, ನನಗೂ ಅಂಥ ಎಂಜಿನ್ ಅಂದರೆ ಪ್ರಾಣ. ಆದರೆ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಮಾರುವವರ ಹತ್ತಿರ ಅಳತೆಯ ಕಾಗದ ಕೇಳಿ.

ಯಾವ ಅಳತೆ? ಬೋರ್, ಅಂದರೆ ಸಿಲಿಂಡರಿನ ಒಳಅಗಲ, ಎಷ್ಟಕ್ಕೆ ಬಂತು, ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವೆ ಎಷ್ಟು ಸಂದು, ಪಿಸ್ಟನ್ ಸುತ್ತಲಿನ ರಿಂಗಿನ ಎರಡು ತುದಿಗಳ ನಡುವಿನ ಸಂದು, ಅಂದರೆ ರಿಂಗ್ ಗ್ಯಾಪ್, ಎಷ್ಟು, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿದ್ದರೆ ಮೂಲ ಅಳತೆಗಿಂತ ಎಷ್ಟು ಕಡಿಮೆ, ಅಂದರೆ ಎಷ್ಟು ಅಂಡರ್‌ಸೈಜ್, ಕ್ರ್ಯಾಂಕಿಗೂ ಅದು ಕೂರುವ ಬೇರಿಂಗಿಗೂ ನಡುವಿನ ಸಂದು, ಅಂದರೆ ಬೇರಿಂಗ್ ಕ್ಲಿಯರೆನ್ಸ್, ಎಷ್ಟು. ಎಂಜಿನ್ ಕಟ್ಟುವವರು ಇದನ್ನೆಲ್ಲ ಮೈಕ್ರೋಮೀಟರ್, ಬೋರ್ ಗೇಜ್ ಹಿಡಿದು ಅಳೆದು ಬರೆದಿಡಬೇಕು. 50 ಮಿಲಿಮೀಟರ್ ದಪ್ಪದ ಕ್ರ್ಯಾಂಕ್ ಜರ್ನಲ್ಲಿಗೆ, ಅಂದರೆ ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ದುಂಡು ಭಾಗಕ್ಕೆ, ಬೇರಿಂಗ್ ಕ್ಲಿಯರೆನ್ಸ್ ಸುಮಾರು 0.05 ಮಿಲಿಮೀಟರ್. ತಲೆಗೂದಲಿಗಿಂತ ತೆಳುವಾದ ಆ ಸಂದಿನಲ್ಲಿ ಆಯಿಲ್ ನಿಂತು ಇಡೀ ಕ್ರ್ಯಾಂಕನ್ನು ಹೊರುತ್ತದೆ. ಕಣ್ಣಂದಾಜಿನಲ್ಲಿ ಇದು ಸಿಗುತ್ತದಾ? ಅಳೆಯದೆ ಕಟ್ಟಿದ್ದು ರೀಬಿಲ್ಡ್ ಎಂಜಿನ್ ಅಲ್ಲ, ಸುಮ್ನೆ ಬಿಚ್ಚಿ ಮುಚ್ಚಿದ ಎಂಜಿನ್.

ಒಂದು ಸಂಗತಿ ಹೇಳುತ್ತೇನೆ. ಪರಿಚಯದ ಹುಡುಗನೊಬ್ಬ ಬಂದು, "ಸರ್, ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸಿಕ್ಕಿದೆ, ಫೋರ್ಜ್ಡ್ ಪಿಸ್ಟನ್ ಹಾಕಿದ್ದಾರಂತೆ, ಒಂದ್ಸಲ ಬಂದು ನೋಡ್ತೀರಾ?" ಅಂದ. ಹೋದೆವು. ಬ್ಲಾಕಿಗೆ ಹೊಸ ಬಣ್ಣ, ವಾಲ್ವ್ ಕವರ್ ಫಳಫಳ, ಬೋಲ್ಟುಗಳೆಲ್ಲ ಹೊಸವು. ಹುಡುಗನ ಮುಖ ಅರಳಿತು. ನಾನು ಅಳತೆಯ ಕಾಗದ ಕೇಳಿದೆ. ಮಾರುವವರು, "ಕಾಗದ ಯಾಕೆ ಸರ್? ಕಟ್ಟಿದವರು ಪಳಗಿದ ಕೈ, ಎಲ್ಲ ಅವರ ತಲೆಯಲ್ಲೇ ಇದೆ" ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಗಂತ ನಿಜವಾಗಿಯೂ ನಂಬಿದ್ದರು.

ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ನೋಡುವ ಕಂಪ್ರೆಷನ್ ಟೆಸ್ಟ್ ಮಾಡಿದೆವು. ಎಲ್ಲ ಪ್ಲಗ್ ಬಿಚ್ಚಿ, ಪೆಟ್ರೋಲ್ ಮತ್ತು ಇಗ್ನಿಷನ್ ನಿಲ್ಲಿಸಿ, ಥ್ರಾಟಲ್ ಪೂರ್ತಿ ತೆರೆದು ಸ್ಟಾರ್ಟರ್ ತಿರುಗಿಸಿದೆವು. ನಾಲ್ಕೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಅಂಕಿ ತೋರಿಸಿದವು. ಎಂಜಿನ್ ಚಾಲೂ ಮಾಡಿದರೆ ಆಯಿಲ್ ಪ್ರೆಶರ್ ಕೂಡ ಚೆನ್ನಾಗಿತ್ತು. ಹುಡುಗ ಜೇಬಿಗೆ ಕೈ ಹಾಕಿದ. ತಡಿ ಅಂದೆ. ಆಯಿಲ್ ಫಿಲ್ಟರ್ ಬಿಚ್ಚಿ, ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಬೂದುಬಣ್ಣದ ಚೂರುಗಳು, ನಡುವೆ ತಾಮ್ರದ ಬಣ್ಣದವೂ ಇದ್ದವು. ಮ್ಯಾಗ್ನೆಟ್ ಹಿಡಿದರೆ ಒಂದೂ ಅಂಟಲಿಲ್ಲ. ಅಂದರೆ ಅದು ಬೇರಿಂಗಿನ ಲೋಹ. ಮೇಲಿನ ಮೆದು ಪದರ ಸವೆದು ಒಳಗಿನ ತಾಮ್ರದ ಪದರ ಎದ್ದಿತ್ತು.

ಗ್ಯಾಸ್ಕೆಟ್ಟಿನ ಖರ್ಚು ನಮ್ಮದು ಅಂತ ಒಪ್ಪಿಸಿ ಎಂಜಿನ್ ಕೆಳಗಿನ ಆಯಿಲ್ ತಟ್ಟೆಯಾದ ಸಂಪ್ ಇಳಿಸಿದೆವು. ಮೂರನೇ ಸಿಲಿಂಡರಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ತಿಂದುಹೋಗಿತ್ತು. ಬೇರಿಂಗ್ 0.25 ಅಂಡರ್‌ಸೈಜಿನದು, ಹಾಗಾಗಿ 50ರ ಜರ್ನಲ್ 49.75 ಮಿಲಿಮೀಟರ್ ಇರಬೇಕು. ಮೈಕ್ರೋಮೀಟರ್ ಇಟ್ಟರೆ 49.78. ಬರೀ 0.03 ಮಿಲಿಮೀಟರ್ ಲೋಹ ಜಾಸ್ತಿ ಉಳಿದಿತ್ತು! ಅಷ್ಟಕ್ಕೇ 0.05 ಇರಬೇಕಾದ ಸಂದು 0.02ಕ್ಕೆ ಇಳಿದಿತ್ತು. ಮೆಲ್ಲಗೆ ಓಡಿಸುವಾಗ ಹೇಗೋ ನಡೆಯಿತು. ಮೇಲಿನ ಆರ್‌ಪಿಎಂಗೆ ಎಳೆದಾಗ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ತಾಗಿತು. ಕಂಪ್ರೆಷನ್ ಟೆಸ್ಟ್ ಇದನ್ನು ಹೇಳುವುದೇ ಇಲ್ಲ, ಅದು ನೋಡುವುದು ರಿಂಗು, ವಾಲ್ವು, ಗ್ಯಾಸ್ಕೆಟ್ ಮಾತ್ರ. ಕಟ್ಟಿದವರು ಆ ಒಂದು ಜರ್ನಲ್ಲನ್ನು ಅಳೆದು ಬರೆಯಲು ಕೂತಿದ್ದರೆ ಪೆನ್ನು ಅಲ್ಲೇ ನಿಲ್ಲುತ್ತಿತ್ತು, ಅಲ್ವಾ? ಕಾಗದ ಕೊಳ್ಳುವವರಿಗಷ್ಟೇ ಅಲ್ಲ, ಕಟ್ಟುವವರಿಗೂ ಬೇಕು. ಇದನ್ನು ಎಷ್ಟು ಸಲ ಹೇಳಿದರೂ ಜನ ಬಣ್ಣವನ್ನೇ ನೋಡುತ್ತಾರೆ!

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನೀವು ಹೋಗುವಾಗ ಎಂಜಿನ್ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಆರುವ ತನಕ ಕಾಯಿರಿ. ತಣ್ಣಗಿನ ಸ್ಟಾರ್ಟಿನಲ್ಲೇ ಸದ್ದು, ಹೊಗೆ ಬಯಲಾಗುತ್ತವೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿದೆ.

ಸಾಧ್ಯವಾದರೆ ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಪಿಸ್ಟನ್ನನ್ನು ಮೇಲಕ್ಕೆ ತಂದು ಸಿಲಿಂಡರಿಗೆ ಗಾಳಿ ತುಂಬುತ್ತಾರೆ. ಸೋರಿಕೆ 10 ಪರ್ಸೆಂಟ್ ಒಳಗಿದ್ದರೆ ಚೆನ್ನ, 20 ದಾಟಿದರೆ ಬಿಟ್ಟು ಬನ್ನಿ. ಸೈಲೆನ್ಸರಿನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ತುಂಬುವ ಬಾಯಲ್ಲಿ ಬುಸ್ ಅಂದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಟರ್ಬೋ ಹಾಕುವವರು ರಿಂಗ್ ಗ್ಯಾಪ್ ಅಂಕಿಯನ್ನು ಬಿಡದೆ ಕೇಳಿ. ಟರ್ಬೋದ ಬಿಸಿಗೆ ರಿಂಗ್ ಜಾಸ್ತಿ ಹಿಗ್ಗುತ್ತದೆ. ಗ್ಯಾಪ್ ಸಾಲದಿದ್ದರೆ ರಿಂಗಿನ ಎರಡು ತುದಿ ಒಂದಕ್ಕೊಂದು ಗುದ್ದಿ ಪಿಸ್ಟನ್ ಅಂಚನ್ನೇ ಮುರಿಯುತ್ತದೆ. ಇದೂ ಹೊರಗಿನಿಂದ ಕಾಣುವುದಿಲ್ಲ, ಇದಕ್ಕೂ ಕಾಗದವೇ ಬೇಕು.

ಕಾಗದ ಕೈಗೆ ಬಂದರೆ ಅದರಲ್ಲಿರುವ ಬ್ಲಾಕ್ ನಂಬರನ್ನು ಎಂಜಿನ್ ಮೇಲೆ ಕೆತ್ತಿರುವ ನಂಬರಿನ ಜೊತೆ ತಾಳೆ ಹಾಕಿ. ಗ್ರೈಂಡಿಂಗ್ ಶಾಪಿನ ಬಿಲ್ ಇದ್ದರೆ ಅಲ್ಲಿಗೊಂದು ಫೋನ್ ಮಾಡಿ, ಅದೇ ಬ್ಲಾಕ್ ತಾನೇ ಅಂತ ವಿಚಾರಿಸಿ. ನಮಸ್ಕಾರ.