ವಯಸ್ಸಾಯ್ತು ಅನ್ನುವ ಮುಂಚೆ ಬಿ12 ನೋಡಿಸಿ

ನಮಸ್ಕಾರ. ಮುಂಬೈ ಪಕ್ಕದ ಡೊಂಬಿವಲಿಯಿಂದ ಮಾತಾಡುತ್ತಿದ್ದೇನೆ. ಕಳೆದ ವಾರ ಊಟಕ್ಕೂ ಮರೆವಿಗೂ ಇರುವ ನಂಟಿನ ಬಗ್ಗೆ ಹೇಳಿದ್ದೆನಲ್ಲ, ಅದರ ಕೆಳಗೆ ಥಾಣೆಯವರೊಬ್ಬರು ಬರೆದಿದ್ದಾರೆ: "ವಯಸ್ಸಾದ ಮೇಲೆ ಮರೆವು ಇದ್ದದ್ದೇ. ಸುಮ್ನೆ ಯಾಕೆ ಹೆದರಿಸ್ತೀರಿ?" ಎರಡು ದಿನದಿಂದ ಅದೇ ತಲೆ ಕೊರೆಯುತ್ತಿದೆ.

ನನ್ನ ದೊಡ್ಡಮ್ಮನಿಗೂ ಇದನ್ನೇ ಹೇಳಿದ್ದರು. ಮಾಟುಂಗಾದಲ್ಲಿ 40 ವರ್ಷ ಸಂಸಾರ ಮಾಡಿದವರು. ಒಂದು ದಿನ ದಾದರ್ ರೈಲು ನಿಲ್ದಾಣದ ಸೇತುವೆ ಮೇಲೆ ನಿಂತು, ಸೆಂಟ್ರಲ್ ಲೈನಿನ ಕಡೆ ಇಳಿಯಬೇಕೋ ವೆಸ್ಟರ್ನ್ ಲೈನಿನ ಕಡೆಗೋ ತಿಳಿಯದೆ ಅತ್ತುಬಿಟ್ಟರು. ಪಾದ ಉರಿ, ಪಾದ ಉರಿ ಅನ್ನುತ್ತಿದ್ದರು. ಡಾಕ್ಟರು ವಯಸ್ಸು ಅಂದರು. ನಾವೂ ಹೂಂ ಅಂದೆವು. ಎಂಟು ತಿಂಗಳಾದ ಮೇಲೆ ಬೇರೊಬ್ಬ ಡಾಕ್ಟರು ರಕ್ತ ನೋಡಿಸಿದರು. ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಬಿ12 ವಿಟಮಿನ್ ಕೊರತೆ ಅಂತಾರೆ. ದೊಡ್ಡಮ್ಮನದು ನೂರೂ ಇರಲಿಲ್ಲ! ಇಂಜೆಕ್ಷನ್ ಶುರುವಾಯಿತು. ನಾಲ್ಕು ತಿಂಗಳಲ್ಲಿ ತಲೆಯ ಮಂಕು ಸರಿಯಿತು. ಪಾದದ ಉರಿ ಪೂರ್ತಿ ಹೋಗಲೇ ಇಲ್ಲ. ಎಂಟು ತಿಂಗಳು ಕಳೆದಿದ್ದೆವಲ್ಲ.

ಅದಕ್ಕೇ ಹೇಳುವುದು, ವಯಸ್ಸಾಯ್ತು ಅನ್ನುವ ಮುಂಚೆ ಬಿ12 ನೋಡಿಸಿ.

ವೈರಿನ ಮೇಲೆ ಪ್ಲಾಸ್ಟಿಕ್ ಇರುತ್ತದಲ್ಲ, ನರದ ಮೇಲೂ ಹಾಗೇ ಒಂದು ಪದರ ಇದೆ. ಅದು ಗಟ್ಟಿಯಾಗಿರಲು ಬಿ12 ಬೇಕು. ಬಿ12 ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಏರುತ್ತದೆ. ಅದಕ್ಕೂ ಮೆದುಳು ಬೇಗ ಕುಗ್ಗುವುದಕ್ಕೂ ನಂಟಿದೆ. ಆಕ್ಸ್‌ಫರ್ಡ್‌ನವರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಸ್ವಲ್ಪ ಮರೆವು ಶುರುವಾಗಿದ್ದ 70 ದಾಟಿದವರಿಗೆ ಎರಡು ವರ್ಷ ಬಿ12, ಬಿ6, ಫೋಲಿಕ್ ಆಸಿಡ್ ಕೊಟ್ಟರು. ಮೆದುಳು ಕುಗ್ಗುವ ವೇಗ ಸುಮಾರು 30% ಇಳಿಯಿತು. ಹೋಮೋಸಿಸ್ಟೀನ್ ಜಾಸ್ತಿ ಇದ್ದವರಿಗೇ ಹೆಚ್ಚು ಲಾಭ. ಬಿ12 ತಗೊಂಡರೆ ಆಲ್‌ಝೈಮರ್ಸ್ ಬರೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೊರತೆ ಇದ್ದರೆ ತುಂಬಿಸಿ ಅನ್ನುತ್ತಿದ್ದೇನೆ.

"ನಾವು ದಿನಾ ಹರಿವೆ, ಬಸಳೆ ತಿಂತೀವಿ" ಅಂತ ಇನ್ನೊಬ್ಬರು. ತಿನ್ನಿ, ಖಂಡಿತ ತಿನ್ನಿ. ಚಿಕಾಗೋದಲ್ಲಿ 960 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಬರೆದರು: ದಿನಾ ಸೊಪ್ಪು ತಿನ್ನುವವರ ನೆನಪು 11 ವರ್ಷ ಚಿಕ್ಕವರ ನೆನಪಿನ ಹಾಗಿತ್ತು. ಆದರೆ ಸೊಪ್ಪಿನಲ್ಲಿ ಬಿ12 ಇಲ್ಲ! ಯಾವ ಗಿಡವೂ ಅದನ್ನು ಮಾಡುವುದಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರು, ಇಂಥವುಗಳಲ್ಲಿ ಮಾತ್ರ. ಬಂಗುಡೆ ತಿನ್ನುವ ಮನೆಯವರಿಗೆ ಚಿಂತೆ ಕಡಿಮೆ. ನಮ್ಮ ಸಸ್ಯಾಹಾರಿ ಮನೆಗಳಲ್ಲಿ? ಅರ್ಧ ಲೋಟದ ಕಟಿಂಗ್ ಚಾಯ್‌ಗೆ ಬೀಳುವ ಎರಡು ಚಮಚ ಹಾಲು ಯಾವ ಮೂಲೆಗೆ?

"ನಮ್ಮಜ್ಜಿ ಯಾವ ಬಿ12 ನೋಡಿಸಿದ್ದರು?" ಅಂತಾರೆ. ನಿಮ್ಮಜ್ಜಿಯ ಕೊಟ್ಟಿಗೆಯಲ್ಲಿ ಹಸು ಇತ್ತು ಸ್ವಾಮಿ. ಮೂರು ಹೊತ್ತೂ ಮೊಸರು, ಮಜ್ಜಿಗೆ. ಅಜ್ಜಿ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿರಲಿಲ್ಲ. ಅಸಿಡಿಟಿಗೆ ವರ್ಷಗಟ್ಟಲೆ ಮಾತ್ರೆ ತಗೊಳ್ಳುತ್ತಿರಲಿಲ್ಲ. ಈ ಎರಡೂ ಮಾತ್ರೆ ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತವೆ. ನಿಮ್ಮ ಅಪ್ಪನ ಮಾತ್ರೆ ಡಬ್ಬಿ ತೆಗೆದು ನೋಡಿ, ಎರಡೂ ಇರಬಹುದು. ಹಾಗಾದರೆ ಇವತ್ತೇ ಡಾಕ್ಟರ ಹತ್ತಿರ ಕೇಳಿ, ಬಿ12 ನೋಡಿಸಿ!

ನೆನಪಿನ ಶಕ್ತಿಯ ಪುಡಿ ಅಂತ ಸಾವಿರಾರು ರೂಪಾಯಿ ಕೊಡುತ್ತೀರಿ. ಒಂದು ರಕ್ತ ಪರೀಕ್ಷೆಗೆ ಹಿಂದೆ ಮುಂದೆ ನೋಡುತ್ತೀರಿ. ನನಗೆ ಹೊಟ್ಟೆ ಉರಿಯುತ್ತದೆ. ನೋಡಿಸಿ ಅಂದರೆ ನೋಡಿಸಿ!

ಈ ಕಂತನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ಮುಂದಿನ ಶನಿವಾರ ಬಂಗುಡೆ ಬಗ್ಗೆಯೇ ಇದೆ. ಥಾಣೆಯವರೇ, ನಿಮ್ಮ ಅಮ್ಮನಿಗೆ ಈಗ ವಯಸ್ಸೆಷ್ಟು? ರಿಪೋರ್ಟ್ ಬಂದ ಮೇಲೆ ಅಲ್ಲೇ ಕೆಳಗೆ ಬರೆಯಿರಿ. ನಾನು ಕಾಯುತ್ತಿರುತ್ತೇನೆ.