ಡಬ್ಬಿ ತೆರೆಯದ ಗಣಿತ

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಅಂಧೇರಿಯ ಕಚೇರಿಗೆ ಹೋಗುವ ನಾನು ದಿನವೂ ದಾದರ್‌ನಲ್ಲಿ ಗಾಡಿ ಬದಲಿಸುತ್ತೇನೆ. ಮೊದಲ ಗಾಡಿ ಇಳಿಸಿದಲ್ಲಿಂದಲೇ ಎರಡನೆಯದು ಹೊರಟರೆ ಮಾತ್ರ ಎರಡು ಪ್ರಯಾಣ ಕೂಡಿ ಒಂದಾಗುತ್ತದೆ. ಕ್ಯಾಟೆಗರಿ ಥಿಯರಿ ಎಂಬ ಗಣಿತ ಶುರುವಾಗುವುದು ಇಷ್ಟರಿಂದಲೇ. ನಿಲ್ದಾಣದ ಜಾಗದಲ್ಲಿ ವಸ್ತು, ಪ್ರಯಾಣದ ಜಾಗದಲ್ಲಿ ಬಾಣ. ಮೂರು ಬಾಣಗಳನ್ನು ಪೋಣಿಸುವಾಗ ಮೊದಲೆರಡನ್ನು ಮುಂಚೆ ಸೇರಿಸಿದರೂ ಕೊನೆಯೆರಡನ್ನು ಮುಂಚೆ ಸೇರಿಸಿದರೂ ಫಲ ಒಂದೇ. ಪ್ರತಿ ವಸ್ತುವಿಗೂ ನಿಂತಲ್ಲೇ ನಿಲ್ಲುವ ಬಾಣವೊಂದಿದೆ. ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್‌ನ ಭಾನುವಾರಗಳಲ್ಲಿ ನಮಗೆಲ್ಲ ಅದರ ಪರಿಚಯವಾಗಿದೆ.

1945ರಲ್ಲಿ ಗಣಿತಜ್ಞರಾದ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಮತ್ತು ಸಾಂಡರ್ಸ್ ಮ್ಯಾಕ್ ಲೇನ್ ಇದನ್ನು ಮುಂದಿಟ್ಟಾಗ ಅವರ ಕಣ್ಣು ಆಕಾರಗಳ ಗಣಿತವಾದ ಟೋಪಾಲಜಿಯ ಮೇಲಿತ್ತು, ಕಂಪ್ಯೂಟರಿನ ಮೇಲಲ್ಲ.

‘ಇದರಿಂದ ಲಾಭವೇನು ಮಾರಾಯರೇ?’ ಎಂದು ಮಾಟುಂಗದ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಾ ಗೆಳೆಯರೊಬ್ಬರು ಕೇಳಿದರು. ನಾನು ಮನೆಯೂಟದ ಡಬ್ಬಿಯನ್ನು ಕಚೇರಿಗೆ ಮುಟ್ಟಿಸುವ ಡಬ್ಬಾವಾಲಾನನ್ನು ನೆನಪಿಸಿದೆ. ಅವನು ಡಬ್ಬಿಯನ್ನು ತೆರೆಯುವುದಿಲ್ಲ, ಮುಚ್ಚಳದ ಗುರುತು ನೋಡಿ ಒಯ್ಯುತ್ತಾನೆ. ಈ ಗಣಿತವೂ ವಸ್ತುವಿನ ಹೊಟ್ಟೆ ಬಗೆಯದೆ, ಹೋಗಿಬರುವ ಬಾಣಗಳಿಂದಲೇ ಅದನ್ನು ಅರಿಯುತ್ತದೆ. ಪ್ರೋಗ್ರಾಮಿನಲ್ಲಿ ಸಂಖ್ಯೆ, ಅಕ್ಷರಗಳ ಸಾಲು ಮುಂತಾದ ಟೈಪ್‌ಗಳೇ, ಅಂದರೆ ಮಾಹಿತಿಯ ಬಗೆಗಳೇ ವಸ್ತುಗಳು; ಒಂದನ್ನು ಪಡೆದು ಇನ್ನೊಂದನ್ನು ಕೊಡುವ ಫಂಕ್ಷನ್‌ಗಳೇ ಬಾಣಗಳು.

ಒಂದು ಬೆಲೆಗೆ ತೆರಿಗೆ ಸೇರಿಸುವ ಫಂಕ್ಷನ್ ನಿಮ್ಮಲ್ಲಿದೆ ಎನ್ನಿ. ಬೆಲೆಗಳ ಇಡೀ ಪಟ್ಟಿಗೆ ಅದನ್ನೇ ಹಾಯಿಸುವುದು ‘ಮ್ಯಾಪ್’. ಪಟ್ಟಿ ಎಂಬ ಡಬ್ಬಿ ಮತ್ತು ಮ್ಯಾಪ್ ಸೇರಿದರೆ ಫಂಕ್ಟರ್. ಅದಕ್ಕೊಂದು ಕಟ್ಟಳೆಯಿದೆ: ಮೊದಲು ಎಲ್ಲದಕ್ಕೂ ತೆರಿಗೆ, ಆಮೇಲೆ ಎಲ್ಲದಕ್ಕೂ ರಿಯಾಯಿತಿ ಎಂದು ಎರಡು ಸುತ್ತು ಹಾಕಿದರೂ, ಒಂದೊಂದು ಬೆಲೆಗೂ ಎರಡನ್ನೂ ಮಾಡುತ್ತಾ ಒಂದೇ ಸುತ್ತು ಹಾಕಿದರೂ ಉತ್ತರ ಬದಲಾಗಬಾರದು. ಈ ಭರವಸೆಯಿಂದಲೇ, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಂದು ಸುತ್ತನ್ನು ಉಳಿಸಬಲ್ಲದು. ನನಗೆ ತೀರ ಇಷ್ಟವಾದ ಭಾಗ ಇದು.

ಇನ್ನು ಗ್ರಾಹಕರ ಹೆಸರು ಕೊಟ್ಟು ಖಾತೆ ಹುಡುಕಿದಿರಿ. ಸಿಗದೆಯೂ ಹೋಗಬಹುದು, ಅಂದರೆ ಖಾಲಿ ಇರಬಹುದಾದ ಡಬ್ಬಿ. ಖಾತೆಯಿಂದ ವಿಳಾಸ ಹುಡುಕಿದರೆ ಅಲ್ಲಿಯೂ ಅಂಥದೇ ಡಬ್ಬಿ. ಮ್ಯಾಪ್ ಮಾತ್ರ ಬಳಸಿದರೆ ಕೈಗೆ ಸಿಗುವುದು ಡಬ್ಬಿಯೊಳಗಿನ ಡಬ್ಬಿ. ಎರಡು ಡಬ್ಬಿಗಳನ್ನು ಒಂದಾಗಿಸುವ, ಡಬ್ಬಿಯಿಲ್ಲದ ಬರಿಯ ಮೌಲ್ಯವನ್ನು ಡಬ್ಬಿಗೆ ಹಾಕುವ ನಿಯಮಬದ್ಧ ಉಪಾಯವುಳ್ಳ ಫಂಕ್ಟರೇ ಮೊನಾಡ್. ಲೆಕ್ಕಾಚಾರದ ಇಂಥ ಪರಿಣಾಮಗಳನ್ನು ಮೊನಾಡ್‌ನಿಂದ ವಿವರಿಸಬಹುದೆಂದು 1989ರಲ್ಲಿ ಕಂಪ್ಯೂಟರ್ ವಿಜ್ಞಾನಿ ಯುಜೀನಿಯೊ ಮೊಗ್ಗಿ ತೋರಿಸಿದರು. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅದನ್ನು ಅಪ್ಪಿಕೊಂಡಿತು. ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ 2014ರ ಎಂಟನೆಯ ಆವೃತ್ತಿಯಲ್ಲಿ ಬಂದ, ಖಾಲಿ ಇರಬಹುದಾದ ಡಬ್ಬಿ ‘ಆಪ್ಷನಲ್’ ಮತ್ತು ಡಬ್ಬಿಯೊಳಗಿನ ಡಬ್ಬಿಯನ್ನು ತಪ್ಪಿಸುವ ಅದರ ‘ಫ್ಲ್ಯಾಟ್‌ಮ್ಯಾಪ್’ ಇದೇ ಬಳಗದವು. ನಮ್ಮ ಕಚೇರಿಯ ಹುಡುಗರು ಅದನ್ನು ದಿನವೂ ಬರೆಯುತ್ತಾರೆ. ಮೊನಾಡ್ ಎಂಬ ಹೆಸರು ಕೇಳಿದರೆ ಮಾತ್ರ ಚಹಾ ಕುಡಿಯಲು ಎದ್ದುಹೋಗುತ್ತಾರೆ.